ಪದ ಬೇಕಿದೆ, ಅವಸರ: ‘ಸ್ಟ್ರೈಪರ್’ ತಂಡದ ‘ಸ್ಟ್ರೈಪ್’ಗೆ ಕನ್ನಡದಲ್ಲಿ ಏನು?

ಅವಸರದ ಅನುವಾದಕಿ, ಹುಬ್ಬಳ್ಳಿ — ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕು. ಇವತ್ತೇ ಬೇಕು. ನಮ್ಮ ಚರ್ಚ್ ಸಭೆಯ ಹುಡುಗರು ಭಾನುವಾರ ‘ಕ್ರೈಸ್ತ ಸಂಗೀತ ನಡೆದುಬಂದ ದಾರಿ’ ಅಂತ ಒಂದು ಸಣ್ಣ ಪ್ರದರ್ಶನ ಇಟ್ಟುಕೊಂಡಿದ್ದಾರೆ. ಕೀರ್ತನೆ, ಕ್ವಾಯರ್ ಎಲ್ಲ ಮುಗಿದು ಈಗ ರಾಕ್‌ಗೆ ಬಂದು ನಿಂತಿದ್ದೇವೆ. ಸ್ಟ್ರೈಪರ್ ಎಂಬ ಅಮೆರಿಕದ ತಂಡದ ಮೇಲೆ ಒಂದು ಫ್ಲೆಕ್ಸ್. ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಫ್ಲೆಕ್ಸ್ ಅಂಗಡಿಯವರಿಗೆ ಸಂಜೆ 6ರ ಒಳಗೆ ಮ್ಯಾಟರ್ ಕೊಡಬೇಕು.

ತೊಡಕು ಹೆಸರಿನಲ್ಲೇ ಇದೆ. ಅದು ಬಂದದ್ದು ಯೆಶಾಯ 53:5ರಿಂದ. ಹಳೆಯ ಇಂಗ್ಲಿಷ್ ಬೈಬಲಿನಲ್ಲಿ ಅಲ್ಲಿ ‘ಸ್ಟ್ರೈಪ್ಸ್’ ಅಂತಿದೆ. ನಮ್ಮ ಬೈಬಲಿನಲ್ಲಿ ‘ಅವನ ಬಾಸುಂಡೆಗಳಿಂದ ನಮಗೆ ಗುಣವಾಯಿತು’. ಆದರೆ ಈ ತಂಡದವರು ಮೈಮೇಲೆ, ಗಿಟಾರ್ ಮೇಲೆ, ಡ್ರಮ್ಸ್ ಮೇಲೆ ಎಲ್ಲ ಕಡೆ ಹಳದಿ-ಕಪ್ಪು ಪಟ್ಟೆ ಬಳಿದುಕೊಂಡವರು. ಅದೂ ‘ಸ್ಟ್ರೈಪ್’. ಅವರಿಗೆ ಒಂದೇ ಪದದಲ್ಲಿ ಎರಡೂ ಸಿಕ್ಕಿತು. ನನಗೆ ‘ಪಟ್ಟೆ’ ಅಂದರೆ ಬೆನ್ನಿನ ಪೆಟ್ಟು ಹೋಗುತ್ತದೆ, ‘ಬಾಸುಂಡೆ’ ಅಂದರೆ ಬಟ್ಟೆಯ ಪಟ್ಟೆ ಹೋಗುತ್ತದೆ. ಎರಡನ್ನೂ ಹೊರುವ ಒಂದು ಕನ್ನಡ ಪದ ಇದೆಯಾ?

ಕರಡಿನ ಮೊದಲ ಸಾಲುಗಳು ಹೀಗಿವೆ: “1983ರಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಶುರುವಾದ ಕ್ರೈಸ್ತ ರಾಕ್ ಬ್ಯಾಂಡ್. ಅಣ್ಣ ರಾಬರ್ಟ್ ಸ್ವೀಟ್ ಡ್ರಮ್ಸ್, ತಮ್ಮ ಮೈಕಲ್ ಸ್ವೀಟ್ ಹಾಡು. ಗಿಟಾರ್‌ಗೆ ಆಜ್ ಫಾಕ್ಸ್, ಬೇಸ್‌ಗೆ ಟಿಮ್ ಗೇನ್ಸ್. ಮೊದಲ ಹೆಸರು ರಾಕ್ಸ್ ರೆಜೀಮ್. ಮೊದಲ ಧ್ವನಿಸುರುಳಿ 1984ರಲ್ಲಿ.” ತಪ್ಪಿದ್ದರೆ ತಿದ್ದಿ.

ಹಳೆ ಪ್ರೂಫ್ ರೀಡರ್, ಮೈಸೂರು — 11:05

ಪಟ್ಟೆ ಎಂದು ಬರೆಯಿರಿ. ಕೆಳಗೆ ಒಂದು ಸಾಲಿನಲ್ಲಿ ಬಾಸುಂಡೆಯ ಮಾತು ಹೇಳಿ. ಶ್ಲೇಷೆ ಅನುವಾದ ಆಗುವುದಿಲ್ಲ, ಆಗಬೇಕೆಂದು ಹಟ ಹಿಡಿಯುವುದೂ ತಪ್ಪು.

‘ಧ್ವನಿಸುರುಳಿ’ ತೆಗೆಯಿರಿ. ಅದು ಕ್ಯಾಸೆಟ್ಟಿಗೆ ಹುಟ್ಟಿದ ಪದ. ಗ್ರಾಮಫೋನ್ ತಟ್ಟೆಗೂ ಸುರುಳಿ, ಸಿಡಿಗೂ ಸುರುಳಿ ಎಂದರೆ ಹೇಗೆ? ಆಲ್ಬಮ್ ಎಂದರೆ ಸಾಕು. ‘ಬ್ಯಾಂಡ್’ ಕೂಡ ಬೇಡ. ನಮ್ಮಲ್ಲಿ ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್. ತಂಡ ಎನ್ನಿ.

ಅಚ್ಚಗನ್ನಡದ ಒಲವಿಗ — 11:32

‘ಪಟ್ಟೆ’ ಎರವಲು. ಸಂಸ್ಕೃತದ ‘ಪಟ್ಟ’ದಿಂದ ಬಂದದ್ದು. ನಮ್ಮಲ್ಲಿ ಗೆರೆ ಇದೆ, ಗೀರು ಇದೆ.

‘ಕ್ರೈಸ್ತ’ವನ್ನು ಯಾರೂ ಯಾಕೆ ಮುಟ್ಟಲಿಲ್ಲ? ಗ್ರೀಕ್ ಬೇರು, ಅದಕ್ಕೆ ಸಂಸ್ಕೃತದ ವೃದ್ಧಿ. ಶಿವನಿಂದ ಶೈವ, ಕ್ರಿಸ್ತನಿಂದ ಕ್ರೈಸ್ತ. ಕನ್ನಡಕ್ಕೆ ಈ ಕಸರತ್ತು ಬೇಕಾ? ‘ಕ್ರಿಸ್ತನ’ ಅಂದರೆ ಆಗುವುದಿಲ್ಲವಾ?

ಇನ್ನು ‘ರಾಕ್’. ಇಲ್ಲಿ ಅದು ಬಂಡೆ ಅಲ್ಲ, ತೂಗಾಟ, ಓಲಾಟ. ಹಾಗಾಗಿ ‘ತೂಗುಹಾಡು’. ‘ಕ್ರಿಸ್ತನ ತೂಗುಹಾಡಿನ ತಂಡ’. ಒಮ್ಮೆ ಬಳಸಿ ನೋಡಿ, ರೂಢಿಯಾಗುತ್ತದೆ.

ಹಳೆ ಪ್ರೂಫ್ ರೀಡರ್ — 11:36

ತೂಗುಹಾಡು ಎಂದರೆ ಜೋಗುಳ.

ಕುಡ್ಲದ ಮಾರಾಯ — 12:10

ಎಂತದು ಮಾರಾಯ್ರೇ, ಇವರದು ಹೆವಿ ಮೆಟಲ್, ಅಬ್ಬರದ ರಾಕ್. ಅದನ್ನು ಹಾಕಿ ತೊಟ್ಟಿಲು ತೂಗುವುದಾ?

ಪಟ್ಟೆಗೆ ನನ್ನ ಓಟು. ಹಳದಿ-ಕಪ್ಪು ಗೆರೆ ಅಂದರೆ ನಮಗೆ ನೆನಪಾಗುವುದು ನವರಾತ್ರಿಯ ಹುಲಿವೇಷ. ತುಳುವಿನಲ್ಲಿ ‘ಪಟ್ಟೆ ಪಿಲಿ’ ಅಂತಲೇ ಹೇಳುವುದು. ಒಂದು ತಕರಾರು ಮಾತ್ರ ಇದೆ. ನಮ್ಮ ಕಡೆ ‘ಪಟ್ಟೆ ಸೀರೆ’ ಅಂದರೆ ರೇಷ್ಮೆ ಸೀರೆ. ಫ್ಲೆಕ್ಸಿನಲ್ಲಿ ‘ಪಟ್ಟೆ ತೊಟ್ಟವರು’ ಅಂತ ಬರೆದರೆ ನನ್ನ ಅಮ್ಮ ಅವರನ್ನು ಮದುಮಕ್ಕಳು ಅಂದುಕೊಂಡಾರು. ಆ ಫೋಟೋಗಳನ್ನು ನೋಡಿದ್ದೇನೆ, ಮೈಗಂಟಿದ ಸ್ಪ್ಯಾಂಡೆಕ್ಸ್, ಆ ಕೂದಲು! ಮದುಮಕ್ಕಳು ಅನ್ನುವುದು ಪೂರ್ತಿ ತಪ್ಪೂ ಅಲ್ಲ.

ಒಲವಿಗರು ಬಂಡೆಯನ್ನು ಬೇಗ ಬಿಟ್ಟುಕೊಟ್ಟರು. ‘ಪೆಟ್ರಾ’ ಅಂತ ಇನ್ನೊಂದು ಕ್ರೈಸ್ತ ರಾಕ್ ತಂಡ ಇದೆ, 1972ರಲ್ಲಿ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಶುರುವಾದದ್ದು. ಪೆಟ್ರಾ ಅಂದರೆ ಗ್ರೀಕಿನಲ್ಲಿ ಬಂಡೆಯೇ. ‘ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು’ ಅಂತ ಪೇತ್ರನಿಗೆ ಹೇಳಿದ ಮಾತು ಇದೆಯಲ್ಲ, ಅದು. ಅವರಿಗೆ ‘ಬಂಡೆ ತಂಡ’ ಅಂದರೆ ಶ್ಲೇಷೆ ಸಲೀಸಾಗಿ ಕೂರುತ್ತದೆ. ಮೇಡಂ ತಂಡವನ್ನೇ ಬದಲಾಯಿಸಿದರೆ ಹೇಗೆ?

ಅವಸರದ ಅನುವಾದಕಿ — 12:25

ಸರ್, ಫೋಟೋ ಆಗಲೇ ಸೆಟ್ ಮಾಡಿಸಿದ್ದೇನೆ. ತಂಡ ಬದಲಾಯಿಸುವುದಿಲ್ಲ. ಪದ ಕೊಡಿ.

ಗಿಟಾರ್ ಮೇಷ್ಟ್ರು, ಬೆಂಗಳೂರು — 1:50

ಪದದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಇವರ ಕಥೆ ಸರಿಯಾಗಿ ಹೇಳೋಣ. ಅದು ಗೊತ್ತಿಲ್ಲದೆ ಪದ ಹುಡುಕಿದರೆ ಹೀಗೇ ಆಗುವುದು.

ಮೇಡಂ, 1984ರದು ‘ದಿ ಯೆಲ್ಲೋ ಅಂಡ್ ಬ್ಲ್ಯಾಕ್ ಅಟ್ಯಾಕ್’. ಅದು ಆರೇ ಹಾಡುಗಳ ಕಿರು ಆಲ್ಬಮ್. ಹೊರತಂದದ್ದು ಎನಿಗ್ಮಾ ಕಂಪನಿ. ಅದು ಚರ್ಚಿನ ಹಾಡಿನ ಕಂಪನಿ ಅಲ್ಲ, ಎಲ್ಲರಂಥ ರಾಕ್ ಕಂಪನಿ. ಇದನ್ನು ಫ್ಲೆಕ್ಸಿನಲ್ಲಿ ಖಂಡಿತ ಹಾಕಿ. ಲಾಸ್ ಏಂಜಲೀಸಿನ ಕ್ಲಬ್ಬುಗಳಲ್ಲಿ, ಅಲ್ಲಿಯ ಮಿಕ್ಕ ಮೆಟಲ್ ತಂಡಗಳ ನಡುವೆಯೇ ಇವರು ನುಡಿಸಿದರು. ನುಡಿಸುತ್ತಾ ಜನರತ್ತ ಹೊಸ ಒಡಂಬಡಿಕೆಯ ಪ್ರತಿಗಳನ್ನು ಎಸೆಯುತ್ತಿದ್ದರು. ಕೆಲವರು ಹಿಡಿದರು, ಕೆಲವರು ನಕ್ಕರು.

ಬೈಗುಳ ಹೆಚ್ಚು ಬಂದದ್ದು ಚರ್ಚಿನ ಕಡೆಯಿಂದ. ಸ್ವೀಟ್ ಅಣ್ಣತಮ್ಮಂದಿರು ನಂಬಿಕೆಗೆ ಬಂದದ್ದೇ ಟಿವಿಯಲ್ಲಿ ಬೋಧಕ ಜಿಮ್ಮಿ ಸ್ವಾಗರ್ಟ್ ಅವರ ಪ್ರಸಂಗ ನೋಡಿ. ಮುಂದೆ ಅದೇ ಸ್ವಾಗರ್ಟ್ ಇವರ ಬೈಬಲ್ ಎಸೆತವನ್ನು ‘ಹಂದಿಗಳ ಮುಂದೆ ಮುತ್ತು’ ಅಂದರು. ಎಂಥ ತಿರುವು ನೋಡಿ.

1985ರಲ್ಲಿ ‘ಸೋಲ್ಜರ್ಸ್ ಅಂಡರ್ ಕಮಾಂಡ್’. 1986ರಲ್ಲಿ ‘ಟು ಹೆಲ್ ವಿತ್ ದ ಡೆವಿಲ್’. ಅದು ಅಮೆರಿಕದಲ್ಲಿ ಪ್ಲಾಟಿನಂ ಆಯಿತು, ಅಂದರೆ 10 ಲಕ್ಷ ಪ್ರತಿ. ಗ್ರ್ಯಾಮಿ ಪ್ರಶಸ್ತಿಗೂ ಹೆಸರು ಹೋಯಿತು. ಅದರ ಮೊದಲ ಮುಖಪುಟದಲ್ಲಿ ನಾಲ್ವರು ದೇವದೂತರು ಸೈತಾನನನ್ನು ನರಕಕ್ಕೆ ತಳ್ಳುವ ಚಿತ್ರ ಇತ್ತು. ಗಲಾಟೆ ಆಗಿ ಅದನ್ನು ತೆಗೆದು ಬರೀ ಕಪ್ಪು ಹೊದಿಕೆ ಹಾಕಿದರು. ಅದರಲ್ಲಿದ್ದ ‘ಆನೆಸ್ಟ್‌ಲಿ’ ಎಂಬ ಮೆದು ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 23ಕ್ಕೆ ಏರಿತು. ಮೆಟಲ್ ತಂಡಕ್ಕೆ ಹೆಸರು ತಂದದ್ದು ಪಿಯಾನೋ ಹಾಡು. ನನಗಂತೂ ಅದು ಸಪ್ಪೆ. ಮದುವೆ ರಿಸೆಪ್ಷನ್‌ಗಳಲ್ಲಿ ನೂರು ಸಲ ನುಡಿಸಿ ಬೇಜಾರಾಗಿದೆ.

1988ರಲ್ಲಿ ‘ಇನ್ ಗಾಡ್ ವಿ ಟ್ರಸ್ಟ್’. 1990ರಲ್ಲಿ ‘ಅಗೇನ್ಸ್ಟ್ ದ ಲಾ’. ಈಗ ಬಂತು ನೋಡಿ ನಿಮ್ಮ ಪದದ ವಿಷಯ. ಆ ಆಲ್ಬಮ್‌ನಲ್ಲಿ ಹಳದಿ-ಕಪ್ಪು ಹೋಯಿತು. ಯೇಸುವಿನ ನೇರ ಮಾತೂ ಹೋಯಿತು. ಪಟ್ಟೆ ಕಳಚಿದ ದಿನವೇ ಬಾಸುಂಡೆಯೂ ಹೋಯಿತು. ಅವರಿಗೆ ಅವೆರಡೂ ಒಂದೇ ಆಗಿದ್ದವು. ಅದಕ್ಕೇ ಹೇಳುತ್ತಿದ್ದೇನೆ, ಎರಡು ಪದ ಬಳಸಿದರೆ ಈ ಕಥೆ ನಿಲ್ಲುವುದಿಲ್ಲ.

1992ರಲ್ಲಿ ಮೈಕಲ್ ಬಿಟ್ಟರು, ಸ್ವಲ್ಪ ದಿನದಲ್ಲಿ ತಂಡ ನಿಂತುಹೋಯಿತು. 2003ರಲ್ಲಿ ಮತ್ತೆ ಸೇರಿದರು, 2005ರಲ್ಲಿ ‘ರೀಬಾರ್ನ್’. ಅಲ್ಲಿಂದ ಈಚೆಗೆ ಆಲ್ಬಮ್ ಮೇಲೆ ಆಲ್ಬಮ್. 2017ರಲ್ಲಿ ಬೇಸ್‌ಗೆ ಪೆರಿ ರಿಚರ್ಡ್‌ಸನ್ ಬಂದರು. ಪಟ್ಟೆಯೂ ವಾಪಸ್ ಬಂತು.

ಒಂದು ತಿದ್ದುಪಡಿ ಎಲ್ಲರಿಗೂ. ‘ಸ್ಟ್ರೈಪರ್’ನ ಒಂದೊಂದು ಅಕ್ಷರಕ್ಕೂ ರಕ್ಷಣೆ, ವಿಮೋಚನೆ, ಶಾಂತಿ ಅಂತ ಬಿಡಿಸಿ ಹೇಳುವುದುಂಟು. ಹೆಸರು ಮೊದಲು ಬಂದದ್ದು, ಬಿಡಿಸಿದ್ದು ಆಮೇಲೆ. ಅದರ ಮೇಲೆ ವ್ಯುತ್ಪತ್ತಿ ಕಟ್ಟಲು ಹೋಗಬೇಡಿ.

ಅವಸರದ ಅನುವಾದಕಿ — 2:20

ಮೇಷ್ಟ್ರೇ, ಇಷ್ಟು ಚೆನ್ನಾಗಿ ನನ್ನ ಕರಡಿನಲ್ಲೂ ಇಲ್ಲ. ‘ಪಟ್ಟೆ ಕಳಚಿದರು’ ತೆಗೆದುಕೊಳ್ಳುತ್ತೇನೆ. ಆದರೆ ಪದ?

‘ಟು ಹೆಲ್ ವಿತ್ ದ ಡೆವಿಲ್’ಗೆ ಅರ್ಥವನ್ನೂ ಕೊಡಬೇಕಂತೆ. ‘ಸೈತಾನನಿಗೆ ಧಿಕ್ಕಾರ’ ಅಂತ ಬರೆದಿದ್ದೇನೆ.

ಕುಡ್ಲದ ಮಾರಾಯ — 2:28

ಧಿಕ್ಕಾರ ಅಂದರೆ ಬಸ್ ಸ್ಟ್ಯಾಂಡಿನ ಮುಷ್ಕರ. ‘ಸೈತಾನ ನರಕಕ್ಕೆ ಬೀಳಲಿ’ ಅನ್ನಿ. ಬೈಗುಳವೂ ಆಯಿತು, ಊರಿನ ವಿಳಾಸವೂ ಆಯಿತು.

ಹಳೆ ಪ್ರೂಫ್ ರೀಡರ್ — 2:45

ಇದು ಸರಿ ಇದೆ.

ಇವರದೇ 2018ರ ‘ಗಾಡ್ ಡ್ಯಾಮ್ ಈವಿಲ್’ ಕೂಡ ಹಾಕುತ್ತೀರಾದರೆ ಎಚ್ಚರ. ಇಂಗ್ಲಿಷಿನಲ್ಲಿ ಅದು ಪ್ರಾರ್ಥನೆಯೋ ಬೈಗುಳವೋ ಎಂದು ಜನ ಜಗಳ ಆಡಿದರು. ಕನ್ನಡದಲ್ಲಿ ಜಗಳಕ್ಕೆ ಜಾಗವೇ ಇಲ್ಲ. ‘ದೇವರು ಕೇಡನ್ನು ಶಪಿಸಲಿ.’ ದ್ವಿತೀಯಾ ವಿಭಕ್ತಿ ಬಂತು, ವಿಧ್ಯರ್ಥ ಬಂತು, ಮುಗಿಯಿತು. ನಮ್ಮ ವಿಭಕ್ತಿ ಶ್ಲೇಷೆಯನ್ನು ಕೊಲ್ಲುತ್ತದೆ. ಬೆಳಿಗ್ಗೆಯೇ ಹೇಳಿದೆ.

ಅಚ್ಚಗನ್ನಡದ ಒಲವಿಗ — 3:15

ಸಿಕ್ಕಿತು. ಬರೆ.

‘ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ.’ ಆ ಗಾದೆಯಲ್ಲಿ ಬರೆ ಎಂದರೆ ಏನು? ಹುಲಿಯ ಮೈಮೇಲೆ ಅದು ಪಟ್ಟೆ. ನರಿಯ ಮೈಮೇಲೆ ಅದು ಸುಟ್ಟ ಗಾಯ. ಎರಡೂ ಒಂದೇ ಸೊಲ್ಲಿನಲ್ಲಿ. ಬರೆ, ಬರಹ ಒಂದೇ ಬೇರು, ಗೆರೆ ಎಳೆಯುವುದೇ ಮೂಲ ಹುರುಳು. ಗೆರೆಯೂ ಹೌದು, ನೋವೂ ಹೌದು. ‘ಅವನ ಬರೆಗಳಿಂದ ನಮಗೆ ಗುಣವಾಯಿತು.’ ಎರವಲಿನ ಹಂಗೇ ಇಲ್ಲ.

ಹಳೆ ಪ್ರೂಫ್ ರೀಡರ್ — 3:22

ಬರೆ ಕಾಯಿಸಿದ ಕಬ್ಬಿಣದ್ದು. ಚಾಟಿ ಏಟಿನದು ಬಾಸುಂಡೆ. ಯೇಸುವಿಗೆ ಯಾರೂ ಬರೆ ಹಾಕಲಿಲ್ಲ. ಮತ್ತು ಅಚ್ಚಾದ ವಚನವನ್ನು ನಿಮ್ಮ ಗಾದೆಗೆ ತಕ್ಕಂತೆ ತಿದ್ದುವ ಹಕ್ಕು ನಿಮಗೆ ಯಾರು ಕೊಟ್ಟರು? ಪೇತ್ರನ ಮೊದಲ ಪತ್ರಿಕೆ 2:24ರಲ್ಲೂ ಬಾಸುಂಡೆಯೇ ಇದೆ.

‘ಗುಣ’ ಸಂಸ್ಕೃತ. ಅದನ್ನೇಕೆ ಬಿಟ್ಟಿರಿ?

ಅಚ್ಚಗನ್ನಡದ ಒಲವಿಗ — 3:30

‘ವಾಸಿ’ ಎನ್ನಬಹುದು.

ಗಿಟಾರ್ ಮೇಷ್ಟ್ರು — 3:48

ಬರೆ ನನಗೆ ಇಷ್ಟವಾಯಿತು. ಬೆತ್ತದ ಏಟು ತಿಂದ ಹುಡುಗರೂ ‘ಬರೆ ಬಂತು’ ಅಂತಲೇ ತೋರಿಸುತ್ತಾರೆ, ಆಗ ಕಬ್ಬಿಣದ ಲೆಕ್ಕ ಯಾರೂ ಕೇಳುವುದಿಲ್ಲ. ಆದರೆ ಗಾದೆ ಅಪಾಯ. ಈ ತಂಡವನ್ನು ಆಗ ಹೀಯಾಳಿಸಿದ್ದೇ ಹಾಗೆ. ರಾಕ್‌ನವರನ್ನು ನೋಡಿ ಚರ್ಚಿನ ಹುಡುಗರು ಬರೆ ಎಳೆದುಕೊಂಡರು ಅಂತ. ಎರಡೂ ಕಡೆಯವರು ಅದನ್ನೇ ಹೇಳಿದರು. ಚರ್ಚಿನವರಿಗೆ ಇವರು ಹುಲಿಯಾಗಲು ಹೊರಟ ನರಿ, ಮೆಟಲ್‌ನವರಿಗೆ ಹುಲಿಯೇ ಅಲ್ಲದ ನರಿ.

ಹಾಗೆ ನೋಡಿದರೆ ಎರವಲು ಯಾರು ಮಾಡಿಲ್ಲ ಹೇಳಿ? ಒಲವಿಗರು ಪದಕ್ಕೆ ಎರವಲು ಬೇಡ ಅನ್ನುತ್ತಾರೆ. ಕಿಟೆಲ್ ಸಾಹೇಬರು 1894ರಲ್ಲಿ ನಿಘಂಟು ತರುವುದಕ್ಕೆ ಎಷ್ಟೋ ಮೊದಲೇ ಯೇಸುವಿನ ಕಥೆಯನ್ನು ಕನ್ನಡ ಪದ್ಯಕ್ಕೆ ತಂದವರು. ಮಟ್ಟು ನಮ್ಮದು, ಮಾತು ಅವರದು. ಆಗ ಯಾರಾದರೂ ‘ಅದು ಗಮಕಿಗಳ ಮಟ್ಟು, ಮುಟ್ಟಬೇಡಿ’ ಅಂದಿದ್ದರೆ? ಸ್ಟ್ರೈಪರ್ ಮಾಡಿದ್ದೂ ಅಷ್ಟೇ, ಸ್ವಲ್ಪ ಜೋರಾಗಿ.

ಅಚ್ಚಗನ್ನಡದ ಒಲವಿಗ — 3:59

ಮಟ್ಟಿನ ಎರವಲಿಗೂ ಪದದ ಎರವಲಿಗೂ ಹೋಲಿಕೆ ಇಲ್ಲ. ಮಟ್ಟು ಎಲ್ಲರದು. ಪದ ನುಡಿಯ ಮೈ.

ಹಳೆ ಪ್ರೂಫ್ ರೀಡರ್ — 4:03

‘ಸಾಹೇಬ’ ಅರಬ್ಬಿ. ‘ಗಿಟಾರ್ ಮೇಷ್ಟ್ರು’ ಎರಡೂ ಹೊರಗಿನವು. ಒಲವಿಗರು ‘ಹೋಲಿಕೆ’ ಮಾಡಿದ ಈ ಮಿಂಚೆಯ (ಇಮೇಲ್) ತಲೆಬರಹದಲ್ಲೇ ‘ಅವಸರ’ ಎಂದಿದೆ, ಅದೂ ಸಂಸ್ಕೃತ. ಯಾರ ಮೈ ಎಷ್ಟು ಉಳಿಯಿತು ಎಣಿಸಿ.

ಕುಡ್ಲದ ಮಾರಾಯ — 4:10

ಮೇಡಂಗೆ ಇನ್ನು ಎರಡು ಗಂಟೆಯೂ ಇಲ್ಲ. ನೀವು ಮೈ ಎಣಿಸ್ತಾ ಕೂತ್ಕೊಳ್ಳಿ.

ನನ್ನ ಸಲಹೆ: ಮೇಲೆ ದಪ್ಪ ಅಕ್ಷರದಲ್ಲಿ ‘ಹಳದಿ ಬರೆ, ಕಪ್ಪು ಬರೆ’. ಕೆಳಗೆ ವಚನ ಇದ್ದ ಹಾಗೆ, ಬಾಸುಂಡೆಯೊಂದಿಗೆ. ಓದುವವರು ಕಣ್ಣಲ್ಲೇ ಜೋಡಿಸಿಕೊಳ್ಳುತ್ತಾರೆ. ನರಿಯನ್ನು ಮನೆಗೆ ಕಳಿಸಿ.

ಹಳೆ ಪ್ರೂಫ್ ರೀಡರ್ — 4:15

ವಚನ ಮುಟ್ಟದಿದ್ದರೆ ನನ್ನ ತಕರಾರು ಇಲ್ಲ.

ಅವಸರದ ಅನುವಾದಕಿ — ರಾತ್ರಿ 8:30

ಎಲ್ಲರಿಗೂ ಥ್ಯಾಂಕ್ಸ್. ಕುಡ್ಲದ ಸರ್ ಹೇಳಿದ ಹಾಗೇ ಮಾಡಿದೆ. ಮೇಲೆ ‘ಹಳದಿ ಬರೆ, ಕಪ್ಪು ಬರೆ’, ಕೆಳಗೆ ವಚನ. ತಂಡವನ್ನು ‘ಕ್ರೈಸ್ತ ರಾಕ್ ತಂಡ’ ಅಂತಲೇ ಬಿಟ್ಟೆ. ಒಲವಿಗರು ಕ್ಷಮಿಸಬೇಕು, ನಮ್ಮ ಪಾಸ್ಟರ್ ‘ತೂಗುಹಾಡು’ ಕೇಳಿ ಐದು ನಿಮಿಷ ನಕ್ಕರು. ಬರೆ ಮಾತ್ರ ನಿಮ್ಮದೇ.

6ಕ್ಕೆ ಅಂಗಡಿಗೆ ಹೋಗಿ ಪಕ್ಕದಲ್ಲೇ ಕೂತು ಟೈಪ್ ಮಾಡಿಸಿದೆ. ನಮ್ಮ ಕಡೆ ಬಾಸುಂಡೆಗೆ ‘ಬಾಸುಂಡಿ’ ಅನ್ನುತ್ತೇವೆ. ನಾನು ಬಾಯಲ್ಲಿ ಹೇಳುತ್ತಾ ಹೋದೆ, ಆಪರೇಟರ್ ಹುಡುಗ ಹೊಡೆಯುತ್ತಾ ಹೋದ. ಪ್ರೂಫ್ ತೆಗೆದು ನೋಡಿದರೆ ಮೂರು ಅಡಿ ಉದ್ದಕ್ಕೆ ‘ಅವನ ಬಾಸುಂದಿಗಳಿಂದ ನಮಗೆ ಗುಣವಾಯಿತು’ ಅಂತ ಬಿದ್ದಿದೆ. ‘ಇದು ಸ್ವೀಟ್ ಅಲ್ಲಪ್ಪ’ ಅಂದೆ. ‘ಮತ್ತ ಮ್ಯಾಲ ಎರಡು ಕಡೆ ಸ್ವೀಟ್ ಅಂತ ಬರದೀರಲ್ಲ ಮೇಡಂ’ ಅಂದ.

ಹಳೆ ಪ್ರೂಫ್ ರೀಡರ್ — 8:41

ತಿದ್ದಿಸಿದಿರಿ ತಾನೇ?