ಸಹಾಯ ಬೇಕು: ಮಗು ನನ್ನದಲ್ಲ ಅಂತ ಜೀವನಾಂಶ ನಿಲ್ಲಿಸಿದ್ದಾನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ತಂಗಿಯ ವಿಷಯ. ಮಗುವಿಗೆ ತಿಂಗಳಿಗೆ 6,000 ರೂಪಾಯಿ ಜೀವನಾಂಶ ಕೊಡಬೇಕು ಅಂತ ಹಾಸನದಲ್ಲಿ ಕೋರ್ಟ್ ಆದೇಶ ಆಗಿದೆ. ಭಾವ ಮೊದಮೊದಲು ಕೊಟ್ಟರು, ಆಮೇಲೆ ನಿಲ್ಲಿಸಿದರು (ಭಾವ ಅನ್ನೋಕೂ ಈಗ ಮನಸ್ಸಿಲ್ಲ). ಬಾಕಿ ಕೇಳಿದರೆ, ಮಗು ನನ್ನದೇ ಅಲ್ಲ, ಡಿಎನ್‌ಎ ಟೆಸ್ಟ್ ಮಾಡಿಸಿ, ಕೊಟ್ಟಿದ್ದನ್ನೂ ವಾಪಸ್ ಕೊಡಿ ಅಂತ ವಕೀಲರಿಂದ ನೋಟಿಸ್ ಕಳಿಸಿದ್ದಾನೆ. ತಾಯಿ ಕಾರ್ಡಿನಲ್ಲಿ ಇರೋದು ಇವನದೇ ಹೆಸರು, ಸಿಸೇರಿಯನ್‌ಗೆ ಸಹಿ ಹಾಕಿದ್ದೂ ಇವನೇ, ನಾಮಕರಣಕ್ಕೆ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದೂ ಇವನೇ. ಆಗ ಇಲ್ಲದ ಅನುಮಾನ ದುಡ್ಡು ಕೇಳಿದ ಕೂಡಲೇ ಬಂತು ನೋಡಿ.

ಮದುವೆ ಇರುವಾಗ ಹುಟ್ಟಿದ ಮಗು ಗಂಡನದೇ ಅಂತ ಕಾನೂನು ಒಪ್ಪುತ್ತೆ, ಆಗ ಇಬ್ಬರೂ ಸೇರುವ ಅವಕಾಶವೇ ಇರಲಿಲ್ಲ ಅಂತ ಅವನೇ ತೋರಿಸಬೇಕು, ಸುಮ್ನೆ ಕೇಳಿದ್ದಕ್ಕೆಲ್ಲ ಡಿಎನ್‌ಎ ಟೆಸ್ಟಿಗೆ ಆದೇಶ ಮಾಡಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದೆ, ಅಷ್ಟು ಗೊತ್ತು. 2014ರ ಒಂದು ಕೇಸಿನಲ್ಲಿ ಮಗು ಗಂಡನದಲ್ಲ ಅಂತ ಟೆಸ್ಟ್ ಬಂದಿದ್ದರೂ, ಆಗಲೇ ಕೊಟ್ಟ ಹಣ ವಾಪಸ್ ವಸೂಲಿ ಮಾಡುವಂತಿಲ್ಲ ಅಂದಿತ್ತು. ಹಾಗಾಗಿ ಆ ಹೆದರಿಕೆ ಜಾಸ್ತಿ ಇಲ್ಲ.

ಚಿಂತೆ ಬಾಕಿ ಹಣದ್ದು. ಕೊಡಬೇಕಾದ ದಿನದಿಂದ 1 ವರ್ಷದೊಳಗೆ ವಸೂಲಿ ವಾರಂಟಿಗೆ (ಬಾಕಿ ವಸೂಲಿಗೆ ಕೋರ್ಟ್ ಕೊಡುವ ಆದೇಶ) ಅರ್ಜಿ ಹಾಕಬೇಕು ಅಲ್ವಾ? ಹಳೇ ತಿಂಗಳುಗಳು ಕೈತಪ್ಪುವ ಹಾಗಿದೆ. ಅವನು ಟೆಸ್ಟ್ ಅಂತ ಎಳೆದಾಡಿದರೆ ವಸೂಲಿಯೂ ನಿಲ್ಲುತ್ತಾ? ಅವನಿರೋದು ಬೆಂಗಳೂರಲ್ಲಿ, ಸಂಬಳದಿಂದಲೇ ಹಿಡಿಸೋಕೆ ಆಗುತ್ತಾ? ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ, ಹಾಸನದಲ್ಲಿ ಹಾಗೆ ಕೇಸ್ ನಡೆಸಿದವರು ಇದ್ದರೆ ದಯವಿಟ್ಟು ಇನ್‌ಬಾಕ್ಸ್‌ಗೆ ಬನ್ನಿ. ರಾಜಿ ಮಾಡ್ಕೊಳ್ಳಿ ಅನ್ನೋರು ಬೇಡ.