ಸೇಡು ಬಿಡುವುದೆಂದರೆ ಹಕ್ಕನ್ನೂ ಬಿಡುವುದೇ?

ಲಿಂಗರಾಜಪುರದವನು: ಬಾಡಿಗೆ ಮನೆ ಖಾಲಿ ಮಾಡಿದಾಗ ಮಾಲೀಕರು ಬಣ್ಣದ ಖರ್ಚೆಂದು ಅಡ್ವಾನ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮುರಿದುಕೊಂಡರು; ಅವರೂ ನಮ್ಮ ಚರ್ಚಿನ ಸಭೆಯವರೇ. ಲೀಗಲ್ ನೋಟಿಸ್ ಕೊಡುತ್ತೇನೆಂದಾಗ ಸಭಾಪಾಲಕರು ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯ ತೆರೆದು, ಮುಯ್ಯಿ ತೀರಿಸುವುದು ದೇವರ ಕೆಲಸ, ನಿನ್ನದಲ್ಲ ಎಂದರು. ನೋಟಿಸ್ ಕೊಡುವುದೂ ಸೇಡೇ?

ಹಲಸೂರಿನ ವಕೀಲ: ಖಂಡಿತ ಅಲ್ಲ. ಸಭಾಪಾಲಕರು ಇನ್ನೊಂದು ಪುಟ ತಿರುಗಿಸಿದ್ದರೆ, ಅಧಿಕಾರಿಯು ಕತ್ತಿಯನ್ನು ಸುಮ್ಮನೆ ಹಿಡಿದಿಲ್ಲ ಎಂಬ ಮಾತು 13ನೆಯ ಅಧ್ಯಾಯದಲ್ಲಿ ಸಿಗುತ್ತಿತ್ತು. ಫಿಲಿಪ್ಪಿ ಪಟ್ಟಣದಲ್ಲಿ ತನ್ನನ್ನು ವಿಚಾರಣೆಯಿಲ್ಲದೆ ಹೊಡೆಸಿ ಮರುದಿನ ಗುಟ್ಟಾಗಿ ಸಾಗಹಾಕಲು ನೋಡಿದ ಅಧಿಕಾರಿಗಳೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದು ಪಟ್ಟು ಹಿಡಿದವನೂ, ಮುಂದೆ ರೋಮ್ ಚಕ್ರವರ್ತಿ ಕೈಸರನಿಗೇ ಮೊರೆಯಿಟ್ಟವನೂ ಇದೇ ಪೌಲನಲ್ಲವೇ?

ಕಮ್ಮನಹಳ್ಳಿ ಸಹೋದರಿ: ಕೈಸರನಿಗೆ ಮೊರೆಯಿಟ್ಟಾಗ ಪೌಲನು ಆಪಾದಿತನಾಗಿದ್ದನೇ ಹೊರತು ಹಣ ವಸೂಲಿಗೆ ಹೋಗಿರಲಿಲ್ಲ, ವಕೀಲರೇ. ಸಹೋದರರು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುವುದೇ ಸೋಲು, ಅದಕ್ಕಿಂತ ಅನ್ಯಾಯವನ್ನು ಏಕೆ ಸಹಿಸಬಾರದು ಎಂದು ಕೊರಿಂಥದ ಸಭೆಯವರನ್ನು ಕೇಳಿದವನೂ ಅವನೇ. ನಿಮ್ಮ 12ನೆಯ ಅಧ್ಯಾಯವೇ, ವೈರಿ ಹಸಿದಿದ್ದರೆ ಊಟಕ್ಕಿಕ್ಕು, ಹಾಗೆ ಮಾಡಿದರೆ ಅವನ ತಲೆಯ ಮೇಲೆ ಕೆಂಡ ಸುರಿದಂತಾಗುತ್ತದೆ ಎನ್ನುತ್ತದೆ.

ಬಸವನಗುಡಿ ಓದುಗ: ನಾನು ಕ್ರೈಸ್ತನಲ್ಲ, ಆದರೂ ಕೇಳುತ್ತೇನೆ: ತಲೆಯ ಮೇಲೆ ಕೆಂಡ ಸುರಿಯುವುದು ಯಾವ ಸೀಮೆಯ ಕ್ಷಮೆ? ಊಟ ಬಡಿಸಿ ಸುಡುವುದೂ ಸೇಡೇ, ಬಗೆ ಮಾತ್ರ ನಯವಾದದ್ದು.

ಕಮ್ಮನಹಳ್ಳಿ ಸಹೋದರಿ: ಆ ಕೆಂಡವನ್ನು ಪಶ್ಚಾತ್ತಾಪದ ಉರಿಯೆಂದು ಸಂತ ಅಗಸ್ಟೀನನೇ ವಿವರಿಸಿದ್ದಾನೆ. ಮೂಲ ಮಾತು ಬೈಬಲಿನ ಹಳೆಯ ಒಡಂಬಡಿಕೆಯ ಜ್ಞಾನೋಕ್ತಿ 25ರದ್ದು. ಅಲ್ಲಿ ಯೆಹೋವನು ನಿನಗೆ ಪ್ರತಿಫಲ ಕೊಡುವನು ಎಂದೂ ಇದೆ.

ಬಸವನಗುಡಿ ಓದುಗ: ಪ್ರತಿಫಲವೂ ಉಂಟೆಂದ ಮೇಲೆ ಅದು ಲಾಭದ ವ್ಯವಹಾರವಾಯಿತಲ್ಲ! ಅದೇ ಬೈಬಲಿನ ಕೀರ್ತನೆ 140ರಲ್ಲಿ ವೈರಿಗಳ ಮೇಲೆ ಕೆಂಡ ಬೀಳಲಿ ಎಂದು ಬೇಡಿಕೊಂಡವನು ಅವರ ಪಶ್ಚಾತ್ತಾಪವನ್ನು ಬಯಸುತ್ತಿದ್ದನೆಂದು ತೋರುವುದಿಲ್ಲ.

ಕಮ್ಮನಹಳ್ಳಿ ಸಹೋದರಿ: ಬೇಡಿಕೊಳ್ಳುವುದೇ ಬೇರೆ, ಕೈಯಾರೆ ಮಾಡುವುದೇ ಬೇರೆ. ಕೀರ್ತನೆಗಾರನು ತನ್ನ ಸಿಟ್ಟನ್ನು ದೇವರ ಮುಂದೆ ಸುರಿದು ಕೈಕಟ್ಟಿ ನಿಂತಿದ್ದಾನೆ. ಅರ್ಧ ಓದಿ ವಾದಕ್ಕೆ ಇಳಿಯುವವರಿಗೆ, ಒಳ್ಳೆಯದರಿಂದ ಕೆಟ್ಟದ್ದನ್ನು ಸೋಲಿಸು ಎಂಬ, ಪೌಲನ ಆ 12ನೆಯ ಅಧ್ಯಾಯದ ಮುಂದಿನ ವಚನ ಕಾಣುವುದೇ ಇಲ್ಲ.

ಬಸವನಗುಡಿ ಓದುಗ: ಅರ್ಧ ಓದಿದವನು ಎಂದು ನನ್ನನ್ನು ಜರೆಯುವ ಮೊದಲು, ಸಿಟ್ಟನ್ನು ದೇವರಿಗೆ ಗುತ್ತಿಗೆ ಕೊಟ್ಟವನು ಸಿಟ್ಟು ಬಿಟ್ಟಂತಾಗುವುದು ಹೇಗೆಂದು ಹೇಳಿ, ಮೇಡಂ.

ಹಲಸೂರಿನ ವಕೀಲ: ಕೆಂಡವನ್ನು ಆರಲು ಬಿಡಿ. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಪತಿ, ಮಿಷನರಿ ಗ್ರಹಾಂ ಸ್ಟೇನ್ಸರನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲಿ ಸುಟ್ಟವರನ್ನು ಗ್ಲ್ಯಾಡಿಸ್ ಸ್ಟೇನ್ಸ್ ಬಹಿರಂಗವಾಗಿ ಕ್ಷಮಿಸಿದರು. ಆದರೂ ಮೊಕದ್ದಮೆ ನಡೆದು, 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕ್ಷಮೆಗೆ ಕಾನೂನು ಅಡ್ಡ ಬರಲಿಲ್ಲ. ಅಷ್ಟೇಕೆ, ಮಹಾಯಾಜಕನ ಎದುರು ಏಟು ತಿಂದ ಯೇಸುವೇ, ನನ್ನನ್ನು ಏಕೆ ಹೊಡೆಯುತ್ತೀ ಎಂದು ಕೇಳಿದನಲ್ಲ.

ಕಮ್ಮನಹಳ್ಳಿ ಸಹೋದರಿ: ಮೊಕದ್ದಮೆ ನಡೆಸಿದ್ದು ಸರ್ಕಾರ, ಆ ತಾಯಿಯಲ್ಲ. ಕೊಲೆಯ ಪ್ರಕರಣವನ್ನು ಬಣ್ಣದ ಖರ್ಚಿನ ಪಕ್ಕದಲ್ಲಿಡಲು ನಿಮಗೆ ಸಂಕೋಚವಾಗದಿರುವುದು ನನಗೆ ಆಶ್ಚರ್ಯ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯ ಹೇಳುವಂತೆ ಮೊದಲು ಒಬ್ಬರೇ ಹೋಗಿ, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಡನೆ ಹೋಗಿ ಮಾತನಾಡಬೇಕಿತ್ತು.

ಲಿಂಗರಾಜಪುರದವನು: ಹೋಗಿದ್ದೆ, ಸಿಸ್ಟರ್. ಸಾಕ್ಷಿಗಳಲ್ಲೊಬ್ಬರು ಮಾಲೀಕರ ಅಳಿಯನ ಅಣ್ಣ ಎಂಬುದು, ಅವರೂ ಟಾರ್ಚ್ ಹಿಡಿದು ಗೋಡೆಯಲ್ಲಿ ಮೊಳೆ ಹೊಡೆದ ತೂತುಗಳನ್ನು ಎಣಿಸತೊಡಗಿದ ಮೇಲೆ ತಿಳಿಯಿತು. ಮಾಲೀಕರ ಹೆಸರನ್ನು ಏರಿಯಾದ ವಾಟ್ಸಾಪ್ ಗುಂಪಿನಲ್ಲಿ ಹಾಕಿ ಮಾನ ಕಳೆಯಬೇಕೆಂದು ಅನ್ನಿಸಿತ್ತು, ಹಾಕಲಿಲ್ಲ. ಸೇಡನ್ನು ಅಲ್ಲಿಗೆ ಬಿಟ್ಟಿದ್ದೇನೆ, ಅಡ್ವಾನ್ಸನ್ನು ಬಿಟ್ಟಿಲ್ಲ.

ಹಲಸೂರಿನ ವಕೀಲ: ಬಾಡಿಗೆ ಕರಾರನ್ನೂ ಹಣ ಕೊಟ್ಟ ದಾಖಲೆಯನ್ನೂ ತೆಗೆದಿಡಿ.

ಕಮ್ಮನಹಳ್ಳಿ ಸಹೋದರಿ: ಮತ್ತಾಯ 18ರಲ್ಲಿ ಸಾಕ್ಷಿಗಳಾದ ಮೇಲೆ ಸಭೆಯ ಸರದಿ, ನೋಟಿಸಿನದ್ದಲ್ಲ.

ಬಸವನಗುಡಿ ಓದುಗ: ಗುತ್ತಿಗೆಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.