ಉಪ್ಪುಗಾಳಿಯ ಊರಲ್ಲಿ ಸ್ಪ್ಯಾನರ್ ಸೆಟ್: ಅಗ್ಗದ್ದು ಸಾಕೋ, ಹೆಸರಿನದ್ದೇ ಬೇಕೋ?

ಕಾರವಾರ_ಸವಾರ

ನಮಸ್ಕಾರ. ಮನೆಯಲ್ಲಿ ಒಂದು ಆಕ್ಟಿವಾ, ಒಂದು ಹಳೆಯ ಆಲ್ಟೊ ಇವೆ. ಆಯಿಲ್, ಪ್ಲಗ್, ಬ್ರೇಕ್ ಶೂ, ಬ್ಯಾಟರಿ, ಚಕ್ರ ಬಿಚ್ಚಿ ಹಾಕುವುದು, ಇಷ್ಟನ್ನು ನಾನೇ ಮಾಡಿಕೊಳ್ಳಬೇಕು ಅಂತ ಇದೆ. ಕೈಯಲ್ಲಿರುವುದು ಐದು ಸಾವಿರ. ಅಂಗಡಿಯಲ್ಲಿ 46 ತುಂಡಿನ ಸಾಕೆಟ್ ಪೆಟ್ಟಿಗೆ ಅಗ್ಗಕ್ಕೆ ಸಿಗುತ್ತದೆ. ತಪಾರಿಯಾ, ಸ್ಟ್ಯಾನ್ಲಿ ಅಂದರೆ ದರ ಹಲವು ಪಟ್ಟು. ಮನೆ ಕಡಲಿನ ಹತ್ತಿರ, ಒಂದು ಮಳೆಗಾಲ ಕಳೆದರೆ ಹೊಸ ಕತ್ತಿಗೂ ತುಕ್ಕು. ಹೇಗೂ ತುಕ್ಕು ಹಿಡಿಯುವುದಾದರೆ ದುಬಾರಿಯದ್ದು ಯಾಕೆ?

ಶಿರಸಿ_ರಿಂಗ್‌ಪಾನಾ

ಪೂರ್ತಿ ಪೆಟ್ಟಿಗೆ ಅಗ್ಗದ್ದೋ ದುಬಾರಿಯದ್ದೋ ಅಂತ ನೋಡಬೇಡಿ. ಬೋಲ್ಟಿನ ತಲೆಯನ್ನು ಹಿಡಿಯುವ ಸಾಮಾನು ಯಾವುದೋ ಅದಕ್ಕೆ ದುಡ್ಡು ಹಾಕಿ. ಸುತ್ತಿಗೆ, ಆಯಿಲ್ ಟ್ರೇ, ಲಾಳಿಕೆ, ವೈರ್ ಬ್ರಶ್, ಫೀಲರ್ ಗೇಜ್ ಅಗ್ಗದ್ದೇ ಇರಲಿ. ರಿಂಗ್ ಸ್ಪ್ಯಾನರ್, ಸಾಕೆಟ್, ಸ್ಕ್ರೂಡ್ರೈವರ್ ಹಾಗಲ್ಲ. ಅವು ಕೆಟ್ಟರೆ ಹೋಗುವುದು ಸ್ಪ್ಯಾನರ್ ಮಾತ್ರ ಅಲ್ಲ, ಬೋಲ್ಟಿನ ಮೂಲೆಗಳೂ ಹೋಗುತ್ತವೆ. ಆಮೇಲೆ ಎಷ್ಟು ಒಳ್ಳೆಯ ಸ್ಪ್ಯಾನರ್ ತಂದರೂ ಅದು ಹಿಡಿಯುವುದಿಲ್ಲ.

ನೀವು ಹೇಳಿದ 46 ತುಂಡಿನ ಪೆಟ್ಟಿಗೆ ಸಾಮಾನ್ಯವಾಗಿ ಕಾಲು ಇಂಚಿನ ಡ್ರೈವ್ (ಹಿಡಿಗೆ ಸಾಕೆಟ್ ಸಿಕ್ಕಿಸುವ ಚೌಕದ ಅಳತೆ), 14 ಮಿಮೀಗೆ ಮುಗಿಯುತ್ತದೆ. ಆಲ್ಟೊ ಚಕ್ರದ ನಟ್ 19 ಮಿಮೀ, ಆಕ್ಟಿವಾದ ಪ್ಲಗ್ 16 ಮಿಮೀ. ಎರಡೂ ಅದರಲ್ಲಿ ಇಲ್ಲ. ಬ್ಯಾಟರಿ ಟರ್ಮಿನಲ್, ಸ್ಕೂಟರ್ ಕವರ್ ಇಂಥ ಹಗುರ ಕೆಲಸಕ್ಕೆ ಅದು ಸಾಕು. ಬಿಗಿಯಾದ ನಟ್‌ಗೆ ಜೋರು ಹಾಕಿದರೆ ಅದರ ಹಿಡಿಯಾದ ರ‍್ಯಾಚೆಟ್ಟಿನ ಒಳಗಿನ ಹಲ್ಲು ಜಾರುತ್ತದೆ, ಕೈಬೆರಳಿನ ಗೆಣ್ಣು ಹೋಗಿ ಎಂಜಿನ್ನಿಗೆ ಬಡಿಯುತ್ತದೆ.

ಅಳತೆ ಕೂಡ ನೋಡಿ ತೆಗೆದುಕೊಳ್ಳಿ. ಹೋಂಡಾ, ಮಾರುತಿಯಂಥ ಜಪಾನಿ ವಿನ್ಯಾಸದಲ್ಲಿ ಹೆಚ್ಚಾಗಿ ಬರುವುದು 8, 10, 12, 14, 17, 19. ಎಂ8 ಬೋಲ್ಟಿಗೆ, ಅಂದರೆ 8 ಮಿಮೀ ದಪ್ಪದ್ದಕ್ಕೆ, ಅಲ್ಲಿ 12ರ ತಲೆ. ಟಾಟಾ, ಮಹೀಂದ್ರಾದಲ್ಲಿ ಅದೇ ಬೋಲ್ಟಿಗೆ 13 ಬೇಕಾಗುತ್ತದೆ. 13ರ ಜಾಗದಲ್ಲಿ 14 ಹಾಕಿ ತಿರುಗಿಸಿದರೆ ಮೂಲೆ ಹೋಯಿತೆಂದೇ ಲೆಕ್ಕ. ನಿಮಗೆ ಮೇಲಿನ ಆರು ಅಳತೆಯ ಕಾಂಬಿನೇಶನ್ ಸ್ಪ್ಯಾನರ್ (ಒಂದು ತುದಿ ರಿಂಗ್, ಇನ್ನೊಂದು ತೆರೆದ ಬಾಯಿ) ಒಳ್ಳೆಯ ಕಂಪನಿಯದ್ದು, ಅರ್ಧ ಇಂಚಿನ ಒಂದು ಉದ್ದ ಹಿಡಿ, ಅದಕ್ಕೆ 17 ಮತ್ತು 19ರ ಆರು ಮೂಲೆಯ ಸಾಕೆಟ್, ಜೊತೆಗೆ ಒಂದು ಪ್ಲಗ್ ಸ್ಪ್ಯಾನರ್. ಹನ್ನೆರಡು ಮೂಲೆಯದ್ದು ಕೂರಿಸಲು ಸುಲಭ, ಆದರೆ ತುಕ್ಕು ತಿಂದ ನಟ್ಟಿನ ಮೂಲೆಯ ತುದಿಯನ್ನಷ್ಟೇ ಹಿಡಿಯುತ್ತದೆ. ಕರಾವಳಿಯಲ್ಲಿ ಆರು ಮೂಲೆಯದ್ದೇ ಸರಿ.

ಅಂಗಡಿಗೆ ಹೋಗುವಾಗ 10 ಮತ್ತು 12ರ ತಲೆಯ ಹೊಸ ಬೋಲ್ಟ್ ಒಂದೊಂದು ಜೇಬಿನಲ್ಲಿರಲಿ. ರಿಂಗ್ ಒಳಗೆ ಕೂರಿಸಿ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಗಡಗಡ ಅಂದರೆ ಯಾವ ಹೆಸರು ಕೊರೆದಿದ್ದರೂ ಬೇಡ, ನಕಲಿ ಮಾಲಿನ ಮೇಲೂ ದೊಡ್ಡ ಹೆಸರು ಇರುತ್ತದೆ. ಬಾಯಿಯ ಅಂಚಿನಲ್ಲಿ ಕ್ರೋಮ್ ಗುಳ್ಳೆ ಎದ್ದಿದೆಯಾ ಅಂತಲೂ ನೋಡಿ. ತುಕ್ಕು ಮೊದಲು ನುಗ್ಗುವುದು ಅಲ್ಲಿಂದಲೇ, ಎದ್ದ ಚೂರು ಬೆರಳನ್ನೂ ಕುಯ್ಯುತ್ತದೆ.

ಕುಮಟಾ_ಟಾರ್ಕ್

ಮೇಲಿನದಕ್ಕೆ ಒಪ್ಪಿಗೆ. ಆದರೆ ಸ್ಕ್ರೂಡ್ರೈವರ್ ಬಗ್ಗೆ ಒಂದೇ ಮಾತಿನಲ್ಲಿ ಮುಗಿಸಿದಿರಿ. ಜಪಾನಿ ವಿನ್ಯಾಸದ ಗಾಡಿಗಳಲ್ಲಿ ಪ್ಲಸ್ ಸ್ಕ್ರೂ ಹಲವು ಕಡೆ ಜೆಐಎಸ್ (ಜಪಾನಿನ ಮಾನದಂಡ) ಮಾದರಿಯದ್ದು, ತಲೆಯಲ್ಲಿ ಒಂದು ಸಣ್ಣ ಚುಕ್ಕೆ ಇರುತ್ತದೆ. ಸಾದಾ ಫಿಲಿಪ್ಸ್ ತುದಿ ಅದರಲ್ಲಿ ತಳ ಮುಟ್ಟುವುದಿಲ್ಲ, ತಿರುಗಿಸಿದ ಕೂಡಲೇ ಮೇಲೆದ್ದು ಸ್ಕ್ರೂವನ್ನು ಕೆಡಿಸುತ್ತದೆ. ಡಿಸ್ಕ್ ಬ್ರೇಕ್ ಇರುವ ಗಾಡಿಗಳಲ್ಲಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಹಾಳಾಗುವುದು ಹೀಗೆಯೇ. 2ನೇ ನಂಬರಿನ ಜೆಐಎಸ್ ಸ್ಕ್ರೂಡ್ರೈವರ್ ಒಂದೇ ಒಂದು ಒಳ್ಳೆಯದು ತನ್ನಿ.

ಇನ್ನೊಂದು, ಟಾರ್ಕ್ ರೆಂಚ್, ಅಂದರೆ ತಿರುಗಿಸುವ ಬಲವನ್ನು (ಟಾರ್ಕ್) ಅಳೆದು ಬಿಗಿ ಮಾಡುವ ಹಿಡಿ. ಎಂ6 ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. 15 ಸೆಂಮೀ ಸ್ಪ್ಯಾನರಿನ ತುದಿಗೆ ಅದು ಹತ್ತಿರ ಹತ್ತಿರ 7 ಕಿಲೋ ಒತ್ತಡ, 25 ಸೆಂಮೀ ಹಿಡಿಗೆ ಬರೀ 4 ಕಿಲೋ. ಉದ್ದ ಹಿಡಿಯಲ್ಲಿ ಕೈಗೆ ಏನೂ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಅಲ್ಯೂಮಿನಿಯಂ ಒಳಗಿನ ಥ್ರೆಡ್ ಕಿತ್ತು ಬಂದಿರುತ್ತದೆ. ಆಲ್ಟೊ ಚಕ್ರದ ನಟ್‌ಗೆ 85. ಎರಡಕ್ಕೂ ಒಂದೇ ರೆಂಚ್ ಆಗುವುದಿಲ್ಲ: 5ರಿಂದ 25ರದ್ದು ಒಂದು, 40ರಿಂದ 200ರದ್ದು ಇನ್ನೊಂದು ಬೇಕು. ಬಜೆಟ್‌ನಲ್ಲಿ ಒಂದೇ ಆಗುವುದಾದರೆ ಚಿಕ್ಕದನ್ನೇ ಕೊಳ್ಳಿ. ಚಕ್ರದ ನಟ್ ಅಂದಾಜಿನಲ್ಲಿ ಬಿಗಿ ಮಾಡಿ, ಪಂಕ್ಚರ್ ಅಂಗಡಿಯಲ್ಲಿ ಟಾರ್ಕ್ ರೆಂಚ್ ಇದ್ದರೆ ಅವತ್ತೇ ನೋಡಿಸಿ. ಟಾರ್ಕ್ ರೆಂಚಿನಲ್ಲಿ ಎಂದೂ ನಟ್ ಬಿಚ್ಚಬಾರದು. ಇಡುವಾಗ ಕನಿಷ್ಠ ಅಂಕಿಗೆ ತಿರುಗಿಸಿ ಇಡಿ, ಇಲ್ಲದಿದ್ದರೆ ಸ್ಪ್ರಿಂಗ್ ಸಡಿಲಾಗಿ ಅಂಕಿ ಸುಳ್ಳು ಹೇಳುತ್ತದೆ.

ಅಂಕೋಲಾ_ಆಯಿಲ್‌ಕ್ಯಾನ್

ಸಾಮಾನಿಗೆ ತುಕ್ಕು ಹಿಡಿಯದಂತೆ ಇಡುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ಕ್ರೋಮ್ ಲೇಪ ಗಟ್ಟಿ, ಆದರೆ ಅದರಲ್ಲಿ ಕಣ್ಣಿಗೆ ಕಾಣದ ಸೀಳು ಇರುತ್ತದೆ. ಉಪ್ಪು ಅದರೊಳಗೆ ಇಳಿದು ಕೆಳಗಿನ ಕಬ್ಬಿಣವನ್ನು ತಿನ್ನುತ್ತದೆ. ದುಬಾರಿಯದ್ದೂ ಹೀಗೇ, ಸ್ವಲ್ಪ ತಡವಾಗಿ ಅಷ್ಟೇ. ಹಾಗಾಗಿ ಇಡುವ ರೀತಿಯೇ ಮುಖ್ಯ. ಪೆಟ್ಟಿಗೆಯೊಳಗಿನ ಸ್ಪಂಜ್ ತೇವ ಹಿಡಿದಿಟ್ಟುಕೊಳ್ಳುತ್ತದೆ, ಕಿತ್ತು ಬಿಸಾಡಿ. ಕೆಲಸ ಮುಗಿದ ಮೇಲೆ ಕೈಬೆವರು ಒರೆಸಿ, ಎಂಜಿನ್ ಆಯಿಲಿನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯಿಂದ ಒಂದು ಸಲ ಸವರಿ. ತೆಂಗಿನೆಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ತೆಗೆದು ನೋಡಿ. ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ ಕ್ರೋಮ್ ಇಲ್ಲದ್ದು, ಅದಕ್ಕೆ ಎಣ್ಣೆ ತಪ್ಪಿದರೆ ಬೇಗ ಕೆಂಪಾಗುತ್ತದೆ.

ಕಾರವಾರ_ಸವಾರ

ತುಂಬಾ ಉಪಕಾರ. ಸ್ಕೂಟರಿನ ಸೈಲೆನ್ಸರ್ ನಟ್ ಎರಡೂ ಕೆಂಪಾಗಿ ಹಿಡಿದುಬಿಟ್ಟಿವೆ. ಯಾವ ಸ್ಪ್ಯಾನರ್‌ನಲ್ಲಿ ಬಿಚ್ಚಲಿ?

ಶಿರಸಿ_ರಿಂಗ್‌ಪಾನಾ

ಇವತ್ತು ಬಿಚ್ಚಲೇಬೇಡಿ. ವೈರ್ ಬ್ರಶ್‌ನಿಂದ ಸ್ಟಡ್ಡಿನ (ನಟ್ ಕೂರುವ, ತಲೆಯಿಲ್ಲದ ಬೋಲ್ಟಿನ) ತುದಿ ಉಜ್ಜಿ, ತುಕ್ಕು ಬಿಡಿಸುವ ಪೆನೆಟ್ರೇಟಿಂಗ್ ಆಯಿಲ್ ಹಾಕಿ ರಾತ್ರಿ ಬಿಡಿ, ಬೆಳಿಗ್ಗೆ ಇನ್ನೊಮ್ಮೆ ಹಾಕಿ. ಆರು ಮೂಲೆಯ ಸಾಕೆಟ್ ಪೂರ್ತಿ ಒಳಗೆ ಕೂರಿಸಿ, ಹಿಂದಿನಿಂದ ಸುತ್ತಿಗೆಯಲ್ಲಿ ಎರಡು ಸಣ್ಣ ಪೆಟ್ಟು ಕೊಡಿ. ಮೊದಲು ಕೂದಲೆಳೆಯಷ್ಟು ಬಿಗಿಯ ಕಡೆಗೆ, ಆಮೇಲೆ ಸಡಿಲದ ಕಡೆಗೆ. ತಿರುಗಲು ಶುರುವಾದ ಮೇಲೆ ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದೆ ತಿರುಗಿಸಿ, ಮತ್ತೆ ಆಯಿಲ್ ಹಾಕಿ. ಒಂದೇ ಸಮನೆ ಎಳೆದರೆ ಸ್ಟಡ್ ಎಂಜಿನ್ನಿನ ಹೆಡ್ಡಿನೊಳಗೆ ಮುರಿಯುತ್ತದೆ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಬ್ಲೋ ಲ್ಯಾಂಪ್ ತರಲೇಬೇಡಿ. ಹಾಕುವಾಗ ಹೊಸ ನಟ್, ಹೊಸ ಗ್ಯಾಸ್ಕೆಟ್, ಥ್ರೆಡ್‌ಗೆ ತಾಮ್ರದ ಗ್ರೀಸ್ ತೆಳುವಾಗಿ. ಗ್ರೀಸ್ ಹಚ್ಚಿದ್ದರಿಂದ ನಟ್ ಸಲೀಸಾಗಿ ತಿರುಗುತ್ತದೆ, ಮ್ಯಾನುಯಲ್ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಟಾರ್ಕಿಗೇ ನಿಲ್ಲಿಸಿ.